ಎಡಗಾಲಿಗೆ ಹನ್ನೊಂದು, ಬಲಗಾಲಿಗೆ ಹನ್ನೆರಡು

ಅವನಿಗೆ ಹಲಗೆ ಎಂಬ ಹೆಸರು ಬಂದದ್ದು ಕಾಲಿನಿಂದ. ಮನುಷ್ಯರ ಒದ್ದೆ ಹೆಜ್ಜೆ ನೆಲದ ಮೇಲೆ ಬಿದ್ದರೆ ಅದಕ್ಕೊಂದು ಹಿಮ್ಮಡಿ, ಒಂದು ಮುಂಗಾಲು, ನಡುವೆ ಸಣ್ಣದೊಂದು ಸೊಂಟ ಇರುತ್ತದೆ. ಇವನ ಹೆಜ್ಜೆಗೆ ಸೊಂಟವೇ ಇಲ್ಲ. ಹಿಮ್ಮಡಿಯಿಂದ ಬೆರಳಿನ ತನಕ ಒಂದೇ ಅಗಲ, ಬಡಗಿ ಕೊಯ್ದಿಟ್ಟ ತುಂಡಿನ ಹಾಗೆ. ಸ್ಕೂಲಿನಲ್ಲಿ ಓಟದ ಪಂದ್ಯಕ್ಕೆ ಹೆಸರು ಕೊಡಲು ಹೋದಾಗ ಡ್ರಿಲ್ ಮೇಷ್ಟ್ರು ಅವನ ಕಾಲನ್ನು ಒಂದು ಸಲ, ಮುಖವನ್ನು ಒಂದು ಸಲ ನೋಡಿ, “ನೀನು ಓಡಬೇಡಪ್ಪ, ಮಧ್ಯ ನಿಂತ್ಕೊ, ಬೇರೆಯವರು ನಿನ್ನ ಸುತ್ತ ಓಡ್ಲಿ,” ಎಂದಿದ್ದರು. ಅಮ್ಮ ಮಾತ್ರ ಸಮಾಧಾನ ಹೇಳುತ್ತಿದ್ದಳು: “ಬಿಡೋ, ಗಾಳಿ ಬಂದ್ರೆ ಬೇರೆಯವರು ಬೀಳ್ತಾರೆ, ನೀನು ಬೀಳಲ್ಲ.” ತಾಯಂದಿರ ಸಮಾಧಾನಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ, ಗಾಯಕ್ಕೆ ಹಚ್ಚಿದರೆ ಇನ್ನಷ್ಟು ಉರಿಯುತ್ತವೆ.

ಇಪ್ಪತ್ತೆರಡನೆಯ ವಯಸ್ಸಿಗೆ ಅವನು ಶೂ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದ. ಒಂದು ಮಧ್ಯಾಹ್ನ ನಲ್ಲಿಯಲ್ಲಿ ಕಾಲು ತೊಳೆದು ಸಿಮೆಂಟು ನೆಲದ ಮೇಲೆ ನಡೆದು ಹೋದ. ಹಿಂದೆಯೇ ಪರೀಕ್ಷಾ ವಿಭಾಗದ ಮುದುಕ ಮೇಸ್ತ್ರಿ ಬಂದರು, ಹೆಜ್ಜೆ ನೋಡಿದರು, ನಿಂತರು. “ಯಾರದಿದು ಕಾಲು?” ಎಂದು ಕೂಗಿದರು. ನೆಲ ಒದ್ದೆ ಮಾಡಿದ್ದಕ್ಕೆ ಬೈಯಲು ಬಂದಿದ್ದಾರೆಂದು ಇವನು ಡಬ್ಬಗಳ ಹಿಂದೆ ಅಡಗಿದ. ಮೇಸ್ತ್ರಿ ಹೆಜ್ಜೆಯ ಜಾಡು ಹಿಡಿದು ಬಂದು, ಕಿವಿ ಹಿಡಿದು ಎಳೆದು, “ಇಂಥ ಕಾಲಿಗೆ ಮೂರು ವರ್ಷದಿಂದ ಹುಡುಕ್ತಿದ್ದೆ. ನಾಳೆಯಿಂದ ನೀನು ಡಬ್ಬ ಕಟ್ಟಬೇಡ, ಓಡು,” ಎಂದರು.

ವಿಷಯ ಇಷ್ಟೆ. ಕಾರ್ಖಾನೆ ಚಪ್ಪಟೆ ಪಾದದವರಿಗೆಂದೇ ಒಂದು ಓಟದ ಶೂ ಮಾಡುತ್ತಿತ್ತು. ಇಂಥ ಪಾದ ಓಡುವಾಗ ಒಳಗಡೆಗೆ ಕುಸಿಯುತ್ತದೆ, ಅದರ ಜೊತೆಗೆ ಮಂಡಿಯೂ ವಾಲಿ ನೋಯುತ್ತದೆ. ಕುಸಿಯದ ಹಾಗೆ ಆಸರೆ ಕೊಡುವುದು ಆ ಶೂವಿನ ಕೆಲಸ. ಆಸರೆ ಸಿಕ್ಕಿತೋ ಇಲ್ಲವೋ ಎಂದು ಹೇಳಲು ಚಪ್ಪಟೆ ಪಾದವೇ ಬೇಕು. ಹೀಗೆ, ಯಾವ ಕಾಲಿನಿಂದ ಅವನನ್ನು ಓಟದಿಂದ ಹೊರಗಿಟ್ಟಿದ್ದರೋ ಅದೇ ಕಾಲಿನಿಂದ ಅವನ ಕೆಲಸವೇ ಓಟವಾಯಿತು. ಮೂವತ್ತು ವರ್ಷ ಓಡಿದ. ಕಾರ್ಖಾನೆಯ ಹಿಂದಿನ ಅಂಗಳದಲ್ಲೇ ಸುತ್ತಿದ್ದರಿಂದ ಎಲ್ಲಿಗೂ ತಲುಪಲಿಲ್ಲ ಅನ್ನುವುದು ಬೇರೆ ಮಾತು. ನಾವೆಲ್ಲ ಬಹಳ ದೂರ ತಲುಪಿಬಿಟ್ಟಿದ್ದೇವೆಯೇ?

ಆ ಶೂವಿಗೆ ಅಂಗಡಿಯಲ್ಲಿ ಏನೋ ಚಂದದ ಹೆಸರಿತ್ತು. ಕಾರ್ಖಾನೆಯಲ್ಲಿ ಮಾತ್ರ ಅಂಕಿಯೇ. ಹತ್ತನೆಯ ಮಾದರಿ ಹೋಗಿ ಹನ್ನೊಂದನೆಯದು ಬರುವಾಗ ಅದರ ಅಚ್ಚನ್ನು ಹಲಗೆಯ ಕಾಲಿನಿಂದಲೇ ತೆಗೆದರು. ಅಟ್ಟೆಯ ಒಳಬದಿಯಲ್ಲಿ ಬೂದು ಬಣ್ಣದ ಗಟ್ಟಿ ಫೋಮಿನ ಬೆಣೆ. ಪಾದ ಕುಸಿಯಹೋದರೆ ಅದು ‘ಸಾಕು ನಿಲ್ಲು’ ಎನ್ನುತ್ತಿತ್ತು. ಹನ್ನೊಂದು ಎಂಟು ವರ್ಷ ನಡೆಯಿತು. ಕಾರ್ಖಾನೆಯ ಮುಂದಿನ ಹಾಲ್‌ನ ಗೋಡೆಯಲ್ಲಿ, ಒಂದೂವರೆ ಮೊಳದ ಚೌಕಟ್ಟಿನಲ್ಲಿ, ಹಲಗೆಯ ಬಲಗಾಲಿನ ಫೋಟೋ ತೂಗುಹಾಕಿದರು. ಕಾಲು ಮಾತ್ರ. “ಮುಖ ಯಾಕೆ ಬಿಡು,” ಎಂದಿದ್ದರು ಫೋಟೋದವರು. ಹಲಗೆಗೆ ಬೇಸರವಾಗಲಿಲ್ಲ. ಮುಖ ಎಲ್ಲರಿಗೂ ಇರುತ್ತದೆ. ದಿನಾ ಬೆಳಿಗ್ಗೆ ಆ ಗೋಡೆಯ ಮುಂದೆ ಬಂದಾಗ ಅವನ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು.

ಇಷ್ಟರಲ್ಲಿ ಕಥೆಗೆ ಷಡ್ಡಕ ಬರಬೇಕು.

ಷಡ್ಡಕ ಎಂದರೆ ಹಲಗೆಯ ಹೆಂಡತಿಯ ತಂಗಿಯ ಗಂಡ. ಅದೇ ಕಾರ್ಖಾನೆಯ ವಿನ್ಯಾಸ ವಿಭಾಗದ ಮುಖ್ಯಸ್ಥ. ಗೇಟಿನ ಹೊರಗೆ ಹಲಗೆ ಅವನಿಗೆ ‘ನೀನು’ ಎನ್ನುತ್ತಿದ್ದ, ಗೇಟಿನ ಒಳಗೆ ‘ಸಾರ್’. ಅವನು ಎರಡೂ ಕಡೆ ‘ಅಣ್ಣ’ ಎನ್ನುತ್ತಿದ್ದ. ಆದರೆ ಒಳಗಡೆ ಅಂದ ಅಣ್ಣನಿಗೂ ಹೊರಗಡೆ ಅಂದ ಅಣ್ಣನಿಗೂ ಅರ್ಧ ಗೇಣು ವ್ಯತ್ಯಾಸವಿತ್ತು. ಸದಾ ಬೂಟು, ಸದಾ ಸಾಕ್ಸು. ಹಲಗೆಯ ಮನೆಗೆ ಬಂದರೂ ಸಾಕ್ಸು ಬಿಚ್ಚುತ್ತಿರಲಿಲ್ಲ. “ನೆಲ ತಣ್ಣಗಿದೆ,” ಎನ್ನುತ್ತಿದ್ದ, ಬೇಸಿಗೆಯಲ್ಲಿಯೂ.

ಹನ್ನೆರಡನೆಯ ಮಾದರಿಯನ್ನು ಮಾಡಿದವನು ಈ ಷಡ್ಡಕ. ಅದನ್ನು ಮೊದಲ ಬಾರಿ ತೋರಿಸುವ ದಿನ ಎಲ್ಲ ವಿಭಾಗದವರೂ ಹಾಲಿನಲ್ಲಿ ಸೇರಿದ್ದರು. ಮೇಜಿನ ಮೇಲೆ ಹನ್ನೊಂದು, ಪಕ್ಕದಲ್ಲಿ ಹನ್ನೆರಡು. ಅದರ ಪಕ್ಕದಲ್ಲಿ ಹೊಸ ಯಂತ್ರ, ಕಬ್ಬಿಣದ ಕಾಲು. ಶೂ ತೊಡಿಸಿ ಗುಂಡಿ ಒತ್ತಿದರೆ ತಟ್ಟೆಯ ಮೇಲೆ ಲಕ್ಷ ಸಲ ಧಪಧಪ ತುಳಿಯುತ್ತದೆ.

“ಇದು ದಣಿಯಲ್ಲ, ರಜೆ ಕೇಳಲ್ಲ, ಮಂಡಿ ನೋವು ಅನ್ನಲ್ಲ,” ಎಂದ ಷಡ್ಡಕ. ಆಮೇಲೆ ಹನ್ನೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಇದೂ ಒಳ್ಳೇ ಶೂನೇ. ಆದ್ರೆ ಒಬ್ಬ ಮನುಷ್ಯನ ಕಾಲಿಗೆ ಹೊಲಿದಿದ್ದು. ಎಂಥ ಕಾಲು ಅಂತ ನಿಮಗೆಲ್ಲ ಗೊತ್ತು. ಹಲಗೆಗೆ ಹೊಂದೋ ಹಾಗೆ ಮಾಡಿದ್ರೆ ಶೂ ಆಗಲ್ಲ, ಪೆಟ್ಟಿಗೆ ಆಗತ್ತೆ.”

ಹಾಲ್ ಪೂರ್ತಿ ನಕ್ಕಿತು. ದಿನಾ ಜೊತೆಗೆ ಚಹಾ ಕುಡಿಯುವವರೇ ಜಾಸ್ತಿ ನಕ್ಕರು. ಅದನ್ನು ಹಲಗೆ ಹೇಗಾದರೂ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಬೇರೆ ಇತ್ತು: ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅವನೂ ನಕ್ಕುಬಿಟ್ಟಿದ್ದ. ಹಲ್ಲು ಬಿಟ್ಟು, ಭುಜ ಕುಣಿಸಿ.

ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಕಬ್ಬಿಣದ ಕಾಲಿನ ಫೋಟೋ ಬಂದಿತ್ತು. ಗೇಟಿನವನು ಹಳೆಯ ಚೌಕಟ್ಟನ್ನು ಪೇಪರಿನಲ್ಲಿ ಸುತ್ತಿ, “ಇದನ್ನ ಗುಜರಿಗೆ ಹಾಕು ಅಂದ್ರು. ನಿಮ್ಮ ಕಾಲಲ್ವಾ, ಮನಸ್ಸು ಬರಲಿಲ್ಲ,” ಎಂದು ಕೈಗಿತ್ತ. ಬಸ್ಸಿನಲ್ಲಿ ಪಕ್ಕದವನು, “ಎಕ್ಸ್‌ರೇನಾ?” ಎಂದು ಕೇಳಿದ. ಹಲಗೆ ಹೌದೆಂದ.

ಮನೆಯಲ್ಲಿ ಹೆಂಡತಿ ಚೌಕಟ್ಟನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು. “ಎಲ್ಲಿಗ್ರೀ ಹಾಕೋದು ಇದನ್ನ? ಕಾಲು ನೋಡ್ಕೊಂಡು ಊಟ ಮಾಡೋಕಾಗತ್ತಾ?” ಎಂದಳು. ಮರದ ಚೌಕಟ್ಟು, ದಪ್ಪ ಗಾಜು. ಬಚ್ಚಲಿನ ನೀರಿನ ಡ್ರಮ್ಮಿನ ಮುಚ್ಚಳ ಒಡೆದು ತಿಂಗಳಾಗಿತ್ತು. ಮೇಲಿಟ್ಟು ನೋಡಿದಳು. ಹಿಂಬದಿಯ ಪಟ್ಟಿಗಳು ಡ್ರಮ್ಮಿನ ಬಾಯಿಗೆ ಕಚ್ಚಿ ಕೂತವು, ಅಳತೆ ಕೊಟ್ಟು ಮಾಡಿಸಿದ ಹಾಗೆ.

ಮರುದಿನ ಬೆಳಿಗ್ಗೆ ಹಲಗೆ ತನ್ನದೇ ಕಾಲನ್ನು ಎತ್ತಿ ಪಕ್ಕಕ್ಕಿಟ್ಟು, ನೀರು ತೋಡಿ ಮುಖಕ್ಕೆ ಎರಚಿಕೊಂಡು, ಕನ್ನಡಿ ನೋಡಿ ಹೇಳಿದ: “ಅವನ ಹನ್ನೆರಡನ್ನ ಹುಟ್ಟೋಕೇ ಬಿಡಲ್ಲ.”

ಇದು ಬಾಯಿಮಾತಿನ ಶಪಥವಲ್ಲ, ಅಸ್ತ್ರ ಅವನ ಕೈಯಲ್ಲೇ ಇತ್ತು. ಮುದುಕ ಮೇಸ್ತ್ರಿ ಸಾಯುವ ಮೊದಲು ಬರೆದಿಟ್ಟ ನಿಯಮ: ಹೊಸ ಮಾದರಿ ಹೊರಗೆ ಹೋಗಬೇಕಾದರೆ, ಹಳೆಯದನ್ನು ಓಡಿಸಿದ ಕಾಲೇ ಎರಡನ್ನೂ ಹೋಲಿಸಿ ‘ಹೋಲಿಕೆ ಹಾಳೆ’ಗೆ ಸಹಿ ಹಾಕಬೇಕು. ಆ ಕಾಲು ಬೇಡ ಎಂದರೆ, ಕಾರ್ಖಾನೆಯಲ್ಲಿ ಇನ್ನೊಂದು ಚಪ್ಪಟೆ ಕಾಲಿದ್ದರೆ ಅದು ಮತ್ತೆ ಓಡಿ ನೋಡಬಹುದು. ಎರಡನೆಯ ಕಾಲೂ ಬೇಡ ಎಂದರೆ, ಅಥವಾ ಎರಡನೆಯ ಕಾಲೇ ಇಲ್ಲದಿದ್ದರೆ, ಅಚ್ಚು ಗುಜರಿಗೆ. ಎರಡನೆಯ ಕಾಲು ಇರಲಿಲ್ಲ. ಕಬ್ಬಿಣದ ಕಾಲಿಗೆ ಎಷ್ಟೇ ಬುದ್ಧಿಯಿದ್ದರೂ ಸಹಿ ಹಾಕಲು ಕೈಯಿರಲಿಲ್ಲ.

ಪರೀಕ್ಷೆಯ ಪದ್ಧತಿಯೂ ಹಳೆಯದೇ. ಎಡಗಾಲಿಗೆ ಹಳೆಯ ಮಾದರಿ, ಬಲಗಾಲಿಗೆ ಹೊಸದು. ಹಿಂದಿನ ಅಂಗಳದಲ್ಲಿ ದಿನಕ್ಕೆ ಇಪ್ಪತ್ತು ಸುತ್ತು, ಮೂರು ವಾರ. ಹೊಸದು ಬಲಗಾಲಿಗೇ ಏಕೆ, ಸುತ್ತು ಎಡಕ್ಕೇ ಏಕೆ ಎಂದು ಯಾರೂ ಕೇಳಿರಲಿಲ್ಲ. ಹಲ್ಲನ್ನು ಯಾವ ಕಡೆಯಿಂದ ಉಜ್ಜಬೇಕು ಎಂದು ಯಾರು ಕೇಳುತ್ತಾರೆ?

ಮೊದಲ ದಿನವೇ ಒಂದು ಎಡವಟ್ಟಾಯಿತು. ಹನ್ನೆರಡು ಚೆನ್ನಾಗಿತ್ತು.

ಕೈಯಲ್ಲಿ ಹಿಡಿದರೆ ಹನ್ನೊಂದಕ್ಕಿಂತ ಒಂದು ಮೊಟ್ಟೆಯಷ್ಟು ಹಗುರ. ಹನ್ನೊಂದರ ನಾಲಿಗೆ ಕಂಬಳಿಯಷ್ಟು ದಪ್ಪ, ಇದರದ್ದು ಕರವಸ್ತ್ರದ ಹಾಗೆ. ಮೇಲಿನ ಜಾಲರಿ ಬಟ್ಟೆಯಲ್ಲಿ ಗಾಳಿ ಆಡುತ್ತಿತ್ತು. ಒಳಬದಿಯ ಬೆಣೆಯನ್ನೇ ತೆಗೆದುಹಾಕಿ, ಅದರ ಬದಲು ಹಿಮ್ಮಡಿಯ ಎರಡೂ ಪಕ್ಕ ಫೋಮನ್ನೇ ಎತ್ತರಿಸಿ ಕಟ್ಟೆ ಕಟ್ಟಿದ್ದ ಷಡ್ಡಕ. ಹನ್ನೊಂದು ಗದರಿಸಿ ನಿಲ್ಲಿಸುತ್ತಿದ್ದ ಕಡೆ ಹನ್ನೆರಡು ಭುಜ ಹಿಡಿದು ದಾರಿ ತೋರಿಸುತ್ತಿತ್ತು. ಎಡಗಾಲು ಟಪ್ ಎಂದರೆ ಬಲಗಾಲು ಪುಸ್ ಎನ್ನುತ್ತಿತ್ತು. ಟಪ್-ಪುಸ್, ಟಪ್-ಪುಸ್. ಶತ್ರುವಿನ ಮನೆಯಲ್ಲಿ ಊಟಕ್ಕೆ ಕೂತಾಗ ಅಡುಗೆ ರುಚಿಯಾಗಿದ್ದರೆ ಆಗುವ ಸಂಕಟ ಹಲಗೆಗೆ ಬಲಗಾಲಿನಲ್ಲಿ ಆಯಿತು.

ಆರನೆಯ ದಿನ ಅವನ ಭಾಗ್ಯ ತೆರೆಯಿತು. ಹದಿನಾಲ್ಕನೆಯ ಸುತ್ತಿನಲ್ಲಿ ಬಲ ಮಂಡಿಯ ಒಳಬದಿ ಚುಳುಕ್ ಎಂದಿತು. ಇನ್ನೊಂದು ಸುತ್ತು. ಮತ್ತೆ ಚುಳುಕ್. ಎಡ ಮಂಡಿ, ಹನ್ನೊಂದರ ಮಂಡಿ, ತೆಪ್ಪಗಿತ್ತು. ಮಂಡಿ ನೋವಿಗೆ ಇಷ್ಟು ಸಂತೋಷಪಟ್ಟ ಮನುಷ್ಯ ಇನ್ನೊಬ್ಬ ಹುಟ್ಟಿರಲಾರ. ಮನೆಗೆ ಬಂದು ಬಿಸಿನೀರಿನ ಚೀಲವನ್ನು ಮಂಡಿಯ ಮೇಲಿಟ್ಟುಕೊಂಡು ಒಬ್ಬನೇ ಮುಗುಳ್ನಗುತ್ತ ಕೂತ.

“ನೋವು ಅಂತೀರಿ, ನಗ್ತೀರಿ,” ಎಂದಳು ಹೆಂಡತಿ. “ಡಾಕ್ಟರಿಗೆ ಮಂಡಿ ತೋರಿಸೋದೋ ತಲೆ ತೋರಿಸೋದೋ?”

“ಇದು ನಿನ್ನ ತಂಗಿ ಗಂಡ ಕೊಟ್ಟ ನೋವು ಕಣೇ. ಜೋಪಾನವಾಗಿ ಇಟ್ಕೊಂಡು ವಾಪಸ್ ಕೊಡ್ತೀನಿ.”

“ಅವರ ಮೇಲೆ ಸಿಟ್ಟಿದ್ರೆ ಅವರ ಮನೆಗೆ ಹೋಗಿ ನಾಲ್ಕು ಮಾತು ಬೈದು ಬನ್ನಿ. ನಿಮ್ಮ ಮಂಡಿ ಏನು ಮಾಡಿತ್ತು?”

ಹೆಂಗಸರಿಗೆ ಸೇಡಿನ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡ ಹಲಗೆ. ನೋವು ಮೂರು ವಾರದ ತನಕ ಬೆಳೆಯಿತು. ಅವನು ಅದನ್ನು ಸಾಕಿದ. ಹೋಲಿಕೆ ಹಾಳೆಯಲ್ಲಿ ದಿನಾ ಗುಂಡಗಿನ ಅಕ್ಷರಗಳಲ್ಲಿ ಬರೆದ: ‘ಹನ್ನೊಂದು: ನೋವಿಲ್ಲ. ಹನ್ನೆರಡು: ಬಲ ಮಂಡಿ, ಒಳಬದಿ, ನೋವು.’ ಕೊನೆಯ ದಿನದ ಕೆಳಗೆ, ಬಹಳ ಹೊತ್ತು ಪೆನ್ನು ಹಿಡಿದು ರುಚಿ ನೋಡಿ, ಬರೆದ: ‘ಬೇಡ.’ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಒಪ್ಪಿಸಲು ನಾಲ್ಕು ದಿನದ ಅವಕಾಶವಿತ್ತು.

ಓಡಿ ಮುಗಿದ ಶೂಗಳನ್ನು ಉದ್ದಕ್ಕೆ ಸೀಳಿ ನೋಡುವುದು ಕೊನೆಯ ಕೆಲಸ. ಅದನ್ನು ಮಾಡುವವಳು ಗರಗಸದಕ್ಕ. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಳಬಳು, ಹಾಲಿನಲ್ಲಿ ಅಂದು ನಗದೇ ಇದ್ದವಳು ಅವಳೊಬ್ಬಳೇ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಗರಗಸ ಓಡಿಸುತ್ತಿದ್ದಳಾದ್ದರಿಂದ ಜೋಕು ಕೇಳಿಸಿರಲಿಲ್ಲ ಎಂದೂ ಹೇಳುತ್ತಾರೆ.

“ನೋಡಕ್ಕ,” ಎಂದ ಹಲಗೆ, ಸೀಳಿದ ಹನ್ನೆರಡನ್ನು ಎತ್ತಿ. “ಒಳಬದಿ ಹೇಗೆ ಹಪ್ಪಳ ಆಗಿದೆ. ಹನ್ನೊಂದನ್ನ ನೋಡು, ಒಳಬದಿ ಹೊಸದರ ಹಾಗಿದೆ.”

ಗರಗಸದಕ್ಕ ಕಿವಿಯ ಹತ್ತಿ ತೆಗೆದಳು. “ಅದರಲ್ಲೇನಿದೆ ತಮ್ಮಾ? ಬಲಗಾಲಿಂದು ಯಾವಾಗಲೂ ಒಳಗಡೇನೇ ಹಪ್ಪಳ ಆಗತ್ತೆ. ಎಡಗಾಲಿಂದು ಹೊರಗಡೆ.”

“ಯಾವಾಗಲೂ ಅಂದ್ರೆ?”

“ಯಾವಾಗಲೂ ಅಂದ್ರೆ ಯಾವಾಗಲೂ. ಒಂಬತ್ತು, ಹತ್ತು, ಹನ್ನೊಂದು. ಹೊಸದು ಬಂದಾಗಲೆಲ್ಲ ನಾನೇ ತಾನೇ ಕುಯ್ದಿದ್ದು? ಅಗೋ, ಎಲ್ಲ ಆ ಕಪಾಟಲ್ಲಿವೆ. ನನ್ನನ್ನ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.”

ಹಲಗೆ ಕಪಾಟು ತೆರೆದ. ಇಪ್ಪತ್ತು ವರ್ಷದ ಅರ್ಧರ್ಧ ಶೂಗಳು ಚೀಟಿ ಕಟ್ಟಿಕೊಂಡು ಮಲಗಿದ್ದವು. ಎಂಟು ವರ್ಷದ ಕೆಳಗೆ ಹನ್ನೊಂದು ಹೊಸದಾಗಿದ್ದಾಗ ಅವನ ಬಲಗಾಲಲ್ಲಿದ್ದ ಶೂ ಸಿಕ್ಕಿತು. ಒಳಬದಿ ಹಪ್ಪಳ. ಅದರ ಎಡಗಾಲ ಜೊತೆಗಾರ ಹತ್ತು: ಒಳಬದಿ ನೆಟ್ಟಗಿತ್ತು. ಅವನು ಕಿಟಕಿಯಿಂದ ಅಂಗಳ ನೋಡಿದ. ಅಂಗಳ ಎಂದರೆ ದೊಡ್ಡ ಮಾತು. ಗೋದಾಮಿಗೂ ಕಾಂಪೌಂಡಿಗೂ ನಡುವಿನ ಜಾಗ. ನೆಟ್ಟನೆಯ ದಾರಿ ಕಡಿಮೆ, ತಿರುವೇ ಜಾಸ್ತಿ. ಎಲ್ಲ ತಿರುವೂ ಎಡಕ್ಕೆ. ಎಡಕ್ಕೆ ತಿರುಗುವಾಗ ಮೈ ಎಡಕ್ಕೆ ವಾಲುತ್ತದೆ; ಬಲಗಾಲು ಒಳಬದಿಯ ಮೇಲೆ ಬೀಳುತ್ತದೆ, ಎಡಗಾಲು ಹೊರಬದಿಯ ಮೇಲೆ ಹಾಯಾಗಿ ಸಾಗುತ್ತದೆ. ಮಂಡಿ ನೋಯಿಸುತ್ತಿದ್ದದ್ದು ಶೂವಲ್ಲ, ಅಂಗಳ.

ಹಳೆಯ ಹೋಲಿಕೆ ಹಾಳೆಗಳ ಕಟ್ಟನ್ನೂ ಬಿಚ್ಚಿದ. ಹನ್ನೊಂದರ ಹಾಳೆಯಲ್ಲಿ ತನ್ನದೇ ಅಕ್ಷರ: ‘ಬಲ ಮಂಡಿ, ಒಳಬದಿ, ಸಣ್ಣ ನೋವು. ಲೆಕ್ಕಕ್ಕಿಲ್ಲ. ಬಹಳ ಒಳ್ಳೆಯ ಶೂ.’ ಕೆಳಗೆ ತನ್ನದೇ ಸಹಿ, ಬಾಲ ಎಳೆದು.

ಅವನು ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದ. ಅದೇ ಕಾಲು, ಅದೇ ಮಂಡಿ, ಅದೇ ನೋವು. ತನ್ನ ಅಚ್ಚಿನ ಶೂವಾದಾಗ ಲೆಕ್ಕಕ್ಕಿಲ್ಲ. ಷಡ್ಡಕನದ್ದಾದಾಗ ಬೇಡ.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲು, ಮತ್ತೆ ಎಡಗಾಲಿಗೊಂದು ಹೊಸ ಹನ್ನೊಂದು, ಬಲಗಾಲಿಗೊಂದು ಹೊಸ ಹನ್ನೆರಡು ತೊಟ್ಟುಕೊಂಡು ಬಲಕ್ಕೆ ಸುತ್ತಿದ. ಮೂರನೆಯ ದಿನಕ್ಕೇ ಎಡ ಮಂಡಿ, ಹನ್ನೊಂದರ ಮಂಡಿ, ಚುಳುಕ್ ಎಂದಿತು. ಅಂದರೆ ಹನ್ನೆರಡು ಆರು ದಿನ ತಡೆದದ್ದನ್ನು ಹನ್ನೊಂದು ಮೂರು ದಿನವೂ ತಡೆಯಲಿಲ್ಲ. ಬಲ ಮಂಡಿ ಇಷ್ಟು ದಿನದ ನೋವು ಮರೆತು, ಮಾತು ಬಿಟ್ಟ ನೆಂಟನ ಹಾಗೆ ಸುಮ್ಮನಿತ್ತು. ಹಲಗೆ ಗೋದಾಮಿನ ಗೋಡೆಗೆ ಒರಗಿ ಉಸಿರು ತೆಗೆದುಕೊಂಡ. ಜೇಬಿನಲ್ಲಿ ‘ಬೇಡ’ ಇತ್ತು. ಪದ್ಧತಿಯ ಪ್ರಕಾರ ಅದು ಅಕ್ಷರ ಅಕ್ಷರವೂ ನಿಜ. ಈ ಅಂಗಳದ ಗುಟ್ಟು ತಾನು ಹೇಳಿದರೆ ಷಡ್ಡಕ ಗೆಲ್ಲುತ್ತಾನೆ. ಹನ್ನೊಂದರ ಎಂಟು ವರ್ಷದ ಮರ್ಯಾದೆ, ತನ್ನ ಮೂವತ್ತು ವರ್ಷದ ಹಾಳೆಗಳು, ಎಲ್ಲ ಅಂಗಳದ ಮಣ್ಣಿಗೆ. ಹೇಳದಿದ್ದರೆ ಕೇಳುವವರಿಲ್ಲ. ಗರಗಸದಕ್ಕ ಮತ್ತೆ ಹತ್ತಿ ಇಟ್ಟುಕೊಂಡಿದ್ದಳು.

ಅವನು ‘ಬೇಡ’ದ ಹಾಳೆಯನ್ನು ಹಾಗೆಯೇ ಕಾರ್ಖಾನೆಯ ಮಾಲೀಕರಾದ ದೊಡ್ಡವರ ಮೇಜಿನ ಮೇಲಿಟ್ಟು ಮನೆಗೆ ಹೋದ.

ಭಾನುವಾರ ಷಡ್ಡಕ ಬಂದ, ಜೊತೆಗೆ ನಾದಿನಿ. ನಾದಿನಿ ಅಕ್ಕನ ಜೊತೆ ಅಡುಗೆಮನೆಗೆ ಹೋಗದೆ ಗಂಡನ ಪಕ್ಕದಲ್ಲೇ ಕೂತಳು. ಇದು ಸಾಮಾನ್ಯ ಭೇಟಿಯಲ್ಲ ಎಂದು ಅದರಿಂದಲೇ ತಿಳಿಯುತ್ತಿತ್ತು.

“ಅಣ್ಣ,” ಎಂದ ಷಡ್ಡಕ. ಇದು ಗೇಟಿನ ಹೊರಗಿನ ಅಣ್ಣನಿಗಿಂತಲೂ ಒಂದು ಗೇಣು ಉದ್ದವಿತ್ತು. “ದೊಡ್ಡವರು ನಾಳೆ ಅಚ್ಚನ್ನ ಗುಜರಿಗೆ ಕಳಿಸ್ತಾರಂತೆ. ಅಚ್ಚಿನ ಜೊತೆ ನನ್ನನ್ನೂ ಕಳಿಸ್ತಾರೆ.”

“ಹೌದಾ,” ಎಂದ ಹಲಗೆ. ಚಹಾ ಹೀರಿದ. ಜೀವನದಲ್ಲಿ ಅಷ್ಟು ರುಚಿಯಾದ ಚಹಾ ಕುಡಿದಿರಲಿಲ್ಲ.

“ಕಬ್ಬಿಣದ ಕಾಲು ಚೆನ್ನಾಗಿದೆ ಅಂತು. ನೀವು ಸ್ವಲ್ಪ ಮೆತ್ತಗೆ ಬರೆದಿದ್ರೆ…”

“ನಾನೇನು ಬರೆಯೋದು? ಮಂಡಿ ಹೇಳ್ತು, ನಾನು ಬರೆದೆ. ಪೆಟ್ಟಿಗೆ ಹಾಕ್ಕೊಂಡು ಓಡಿದವನ ಮಂಡಿ, ಅದಕ್ಕೇನು ಗೊತ್ತಾಗತ್ತೆ. ನಿನ್ನ ಕಬ್ಬಿಣದ ಕಾಲಿನ ಹತ್ರಾನೇ ಇನ್ನೊಂದು ಹಾಳೆ ಬರೆಸು.”

ಷಡ್ಡಕ ಎದ್ದು ಮುಖ ತೊಳೆಯಲು ಬಚ್ಚಲಿಗೆ ಹೋದ. ಅಲ್ಲಿ ಡ್ರಮ್ಮಿನ ಮೇಲೆ, ಚೊಂಬು ಹೊತ್ತುಕೊಂಡು, ಹಲಗೆಯ ಬಲಗಾಲು ಅವನನ್ನೇ ನೋಡುತ್ತಿತ್ತು. ಅದನ್ನು ಎತ್ತುವ ಅವಸರದಲ್ಲೋ ಎತ್ತದೇ ಚೊಂಬು ತೆಗೆಯುವ ಸಂಕೋಚದಲ್ಲೋ ನೀರೆಲ್ಲ ಮೈಮೇಲೆ ಸುರಿದುಕೊಂಡ. ಸಾಕ್ಸು ತೊಪ್ಪೆಯಾಯಿತು. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ, ನಡುಮನೆಯ ನೆಲದ ಮೇಲೆ ನಡೆದು ಬಂದ.

ಹಲಗೆ ನೆಲ ನೋಡಿದ. ಬಚ್ಚಲಿನಿಂದ ಕುರ್ಚಿಯ ತನಕ ಒಂಬತ್ತು ಒದ್ದೆ ಹೆಜ್ಜೆ. ಒಂದಕ್ಕೂ ಸೊಂಟವಿರಲಿಲ್ಲ.

ಷಡ್ಡಕ ಕುರ್ಚಿಯ ಕೆಳಗೆ ಕಾಲು ಎಳೆದುಕೊಂಡ. ಹೆಜ್ಜೆಗಳನ್ನು ಎಳೆದುಕೊಳ್ಳಲಾಗಲಿಲ್ಲ.

“ಅವರದೂ ಹಂಗೇ ಭಾವ,” ಎಂದಳು ನಾದಿನಿ, ಸಣ್ಣ ದನಿಯಲ್ಲಿ. “ಮದುವೆ ಆದಾಗಿಂದ ಸಾಕ್ಸ್ ಹಾಕ್ಕೊಂಡೇ ಮಲಗ್ತಾರೆ. ನನಗೇ ಎರಡು ವರ್ಷ ಗೊತ್ತಾಗಲಿಲ್ಲ.”

“ಸ್ಕೂಲಲ್ಲಿ ನನ್ನನ್ನ ಬಾತುಕೋಳಿ ಅಂತಿದ್ರು,” ಎಂದ ಷಡ್ಡಕ ಗೋಡೆಗೆ. “ಇಲ್ಲಿಗೆ ಸೇರಿದಾಗ ನೋಡಿದ್ರೆ ನಿಮ್ಮನ್ನ ಹಲಗೆ ಅಂತಿದ್ರು. ನಗೋರ ಜೊತೆ ಸೇರ್ಕೊಂಡ್ರೆ ನನ್ನ ಕಡೆ ಯಾರೂ ನೋಡಲ್ಲ ಅನ್ಕೊಂಡೆ.”

ಒಳ್ಳೆಯ ಮನುಷ್ಯನಾಗಿದ್ದರೆ ಹಲಗೆ ಇಲ್ಲಿ ಕರಗಬೇಕಿತ್ತು. ಹಲಗೆಗಳು ಕರಗುವುದಿಲ್ಲ. ಹಾಲಿನಲ್ಲಿ ತಾನು ಭುಜ ಕುಣಿಸಿ ನಕ್ಕದ್ದು ಅವನಿಗೆ ನೆನಪಾಯಿತು. ಅವನ ಹೊಟ್ಟೆಯ ಕೆಂಡಕ್ಕೆ ಯಾರೋ ಹೊಸ ಸೌದೆ ತಂದು ಕೊಟ್ಟ ಹಾಗಾಯಿತು.

“ಅಂದ್ರೆ ಎರಡನೇ ಕಾಲು ಸಿಕ್ತು,” ಎಂದ. “ನಿಯಮ ಇದೆಯಲ್ಲ. ನಾಳೆ ಬೆಳಿಗ್ಗೆ ದೊಡ್ಡವರಿಗೆ ಹೇಳು, ನನ್ನದೂ ಚಪ್ಪಟೆ ಕಾಲು ಅಂತ. ಎಲ್ಲರ ಮುಂದೆ ಸಾಕ್ಸ್ ಬಿಚ್ಚಿ ತೋರಿಸು. ಆಮೇಲೆ ಓಡು. ಎಡಗಾಲಿಗೆ ಹನ್ನೊಂದು, ಬಲಗಾಲಿಗೆ ಹನ್ನೆರಡು. ನಿನ್ನ ಮಂಡಿ ಹೇಳಿದ್ದನ್ನ ನೀನು ಬರಿ.”

ಷಡ್ಡಕನ ಮುಖ ಹಿಂಡಿದ ಬಟ್ಟೆಯಂತಾಯಿತು. ಅವನಿಗೆ ಬೇರೆ ದಾರಿ ಇರಲಿಲ್ಲ. ಹಲಗೆಗೆ ಮಾತ್ರ ಗೊತ್ತಿತ್ತು, ಆ ದಾರಿಯೂ ಎಲ್ಲಿಗೆ ಹೋಗುತ್ತದೆಂದು. ಎಡಕ್ಕೆ ಸುತ್ತಿದರೆ ಷಡ್ಡಕನ ಬಲ ಮಂಡಿಯೂ ನೋಯಲೇಬೇಕು. ಮಾನವನ್ನೂ ಕಳೆದುಕೊಂಡು, ತನ್ನ ಶೂವನ್ನು ತನ್ನ ಕೈಯಾರೆ ‘ಬೇಡ’ ಎಂದು ಬರೆಯಬೇಕು. ಇಂಥ ಸೇಡನ್ನು ಯೋಚಿಸಿ ಮಾಡಲಾಗುವುದಿಲ್ಲ, ಪುಣ್ಯ ಮಾಡಿರಬೇಕು.

ಸೋಮವಾರ ಕಾರ್ಖಾನೆಯ ಅರ್ಧ ಜನ ಅಂಗಳದ ಸುತ್ತ ನಿಂತಿದ್ದರು. ಷಡ್ಡಕ ಸಾಕ್ಸು ಬಿಚ್ಚಿದ. ಗೇಟಿನವನು ಬಕೆಟ್ಟಿನಲ್ಲಿ ನೀರು ತಂದ. ಒದ್ದೆ ಹೆಜ್ಜೆ ಬಿತ್ತು. ಜನ ನಕ್ಕರು, ಅದೇ ನಗು, ಚಹಾ ಜೊತೆಗಾರರದ್ದು. ಅಂದು ಸಂಜೆಯೊಳಗೆ ಷಡ್ಡಕನಿಗೆ ಹೆಸರು ಬಿತ್ತು: ಚಿಕ್ಕಹಲಗೆ. ಹಲಗೆ ನಗಲಿಲ್ಲ. ಅವನು ಕಲ್ಲಿನ ಮೇಲೆ ಕೂತು ಸುತ್ತು ಎಣಿಸುತ್ತಿದ್ದ, ಸಾಲ ವಸೂಲಿಗೆ ಬಂದ ಯಮನ ಹಾಗೆ, ಯಾವ ಅವಸರವೂ ಇಲ್ಲದೆ.

ಇಪ್ಪತ್ತು ವರ್ಷ ಕುರ್ಚಿಯಲ್ಲಿ ಬೆಳೆಸಿದ ಹೊಟ್ಟೆ ಷಡ್ಡಕನಿಗಿಂತ ಅರ್ಧ ಹೆಜ್ಜೆ ತಡವಾಗಿ ಓಡುತ್ತಿತ್ತು. ಮೊದಲ ದಿನ ನಾಲ್ಕು ಸುತ್ತಿಗೆ ಕೂತುಬಿಟ್ಟ. “ಇನ್ನು ಹದಿನಾರು, ಸಾರ್,” ಎಂದ ಹಲಗೆ. ಎರಡನೆಯ ದಿನ ವಾಂತಿ ಮಾಡಿಕೊಂಡ. “ಕಬ್ಬಿಣದ ಕಾಲು ವಾಂತಿ ಮಾಡಲ್ಲ, ಸಾರ್,” ಎಂದ ಹಲಗೆ. ಆದರೆ ಅವನು ಬಿಡಲಿಲ್ಲ. ದಿನಾ ಬಂದ. ಐದನೆಯ ದಿನ ಹತ್ತನೆಯ ಸುತ್ತಿನಲ್ಲಿ ಷಡ್ಡಕ ಗಕ್ಕನೆ ನಿಂತ. ಬಗ್ಗಿ, ಬಲ ಮಂಡಿಯ ಒಳಬದಿಯನ್ನು ಒತ್ತಿಕೊಂಡ. ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಇನ್ನೇನೋ ಇತ್ತು. ಹಲಗೆ ನೋಡಲು ಕಾದಿದ್ದದ್ದು ಅದೇ ಮುಖ.

ಷಡ್ಡಕ ಕುಂಟುತ್ತ ಬಂದು ಕಲ್ಲಿನ ಮೇಲೆ ಪಕ್ಕದಲ್ಲಿ ಕೂತ. ಬಲಗಾಲಿನ ಹನ್ನೆರಡನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಜಾಲರಿಗೆ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದ, ಮಗುವಿನ ಮೂಗು ಒರೆಸಿದ ಹಾಗೆ.

“ನೀವು ಬರೆದಿದ್ದು ನಿಜಾನೇ ಅಣ್ಣ,” ಎಂದ. “ನಾನೇನೋ ನೀವು ಸಿಟ್ಟಿಗೆ ಬರೆದಿದೀರಿ ಅನ್ಕೊಂಡಿದ್ದೆ. ಪೆನ್ನು ಕೊಡಿ.”

ಹಲಗೆ ಜೇಬಿಗೆ ಕೈ ಹಾಕಿದ. ಪೆನ್ನು ಸಿಕ್ಕಿತು. ಕೊಡಬೇಕಾದದ್ದು ಅಷ್ಟೇ. ಅವನ ಕಣ್ಣು ಆ ಶೂವಿನ ಮೇಲೆ ಬಿತ್ತು. ಹಿಮ್ಮಡಿಯ ಎರಡೂ ಪಕ್ಕದ ಕಟ್ಟೆ, ಕರವಸ್ತ್ರದ ನಾಲಿಗೆ. ಷಡ್ಡಕನ ಮೇಲೆ ಅವನಿಗೆ ಈಗಲೂ ಕರುಣೆ ಬರಲಿಲ್ಲ. ಇನ್ನೂ ಒಂದು ವರ್ಷ ಅವನನ್ನು ಹೀಗೇ ಓಡಿಸಬಹುದಿತ್ತು, ಸಂತೋಷದಿಂದ. ಆದರೆ ಹೆಂಡತಿಯ ಮಾತು ನೆನಪಾಯಿತು, ‘ನಿಮ್ಮ ಮಂಡಿ ಏನು ಮಾಡಿತ್ತು?’ ಈ ಶೂ ಏನು ಮಾಡಿತ್ತು? ಮೂವತ್ತು ವರ್ಷ ಶೂಗಳ ಜೊತೆ ಬದುಕಿದವನು ಅವನು. ನಗುವ ಜನರಿಗಿಂತ ಅವೇ ವಾಸಿ ಎಂದು ಅವನಿಗೆ ಗೊತ್ತಿತ್ತು. ಅವನು ಪೆನ್ನನ್ನು ಮತ್ತೆ ಜೇಬಿಗೆ ಹಾಕಿದ.

“ಏಳು,” ಎಂದ.

“ಎಲ್ಲಿಗೆ?”

“ತಿರುಗಿ ಓಡು. ಬಲಕ್ಕೆ.”

“ಬಲಕ್ಕಾ? ಪದ್ಧತಿ…”

“ಪದ್ಧತಿ ಮಾಡಿದವರಿಗೂ ನನಗೂ ಒಟ್ಟಿಗೆ ಬುದ್ಧಿ ಇರಲಿಲ್ಲ. ಏಳೋ ಅಂದ್ರೆ.” ಗೇಟಿನ ಒಳಗೆ ಅವನು ಷಡ್ಡಕನಿಗೆ ‘ಸಾರ್’ ಬಿಟ್ಟು ಮಾತಾಡಿದ್ದು ಅದೇ ಮೊದಲು.

ಎರಡೇ ದಿನದಲ್ಲಿ ಷಡ್ಡಕನ ಎಡ ಮಂಡಿ ಹೇಳಬೇಕಾದ್ದನ್ನು ಹೇಳಿತು. ಹಲಗೆ ದೊಡ್ಡವರ ಮೇಜಿನ ಮೇಲೆ ಗರಗಸದಕ್ಕನ ಕಪಾಟಿನ ಅರ್ಧ ಶೂಗಳನ್ನು ಸಾಲಾಗಿ ಜೋಡಿಸಿ, ಎಲ್ಲದಕ್ಕೂ ಕೊನೆಯಲ್ಲಿ ತನ್ನ ಹನ್ನೊಂದರ ಹಾಳೆಯನ್ನೂ ಇಟ್ಟ. ‘ಲೆಕ್ಕಕ್ಕಿಲ್ಲ’ ಎಂಬ ಜಾಗಕ್ಕೆ ದೊಡ್ಡವರು ಬೆರಳಿಟ್ಟು ಅವನ ಮುಖ ನೋಡಿದರು. ಅವನು ತನ್ನ ಕಾಲು ನೋಡಿಕೊಂಡ. ತನ್ನ ಮೂಗು ಕೊಯ್ದುಕೊಂಡು ಎದುರಾಳಿಗೆ ಅಪಶಕುನ ಮಾಡುವವರ ಕಥೆ ಕೇಳಿದ್ದೇವೆ. ಮೂಗು ಕೊಯ್ದುಕೊಂಡು ಎದುರಾಳಿಗೆ ಶುಭ ಮಾಡಿದವನು ಇವನೊಬ್ಬನೇ ಇರಬೇಕು.

ಹಾಗೆಂದು ಅವನು ಬರಿಗೈಯಲ್ಲಿ ಹೊರಗೆ ಬರಲಿಲ್ಲ. “ಇನ್ನು ಮೇಲೆ ಪ್ರತಿ ಮಾದರಿಗೂ ಎರಡು ಕಾಲು ಬೇಕು ಸಾರ್,” ಎಂದ ದೊಡ್ಡವರಿಗೆ. “ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದೇ ಕಾಲನ್ನ ನಂಬಿದ್ರೆ ಏನಾಗತ್ತೆ ಅಂತ ನೀವೇ ನೋಡಿದ್ರಲ್ಲ. ಎರಡನೇ ಕಾಲು ನಮ್ಮಲ್ಲೇ ಇದೆ.” ದೊಡ್ಡವರಿಗೆ ಅದು ನ್ಯಾಯವೆನಿಸಿತು. ಹೊಸ ನಿಯಮ ಬರೆಯಿಸಿದರು. ಹೀಗೆ, ಹಲಗೆ ನಿವೃತ್ತಿಯಾಗುವ ತನಕ, ಅಂದರೆ ಇನ್ನೂ ಆರು ವರ್ಷ, ವಿನ್ಯಾಸ ವಿಭಾಗದ ಮುಖ್ಯಸ್ಥ ದಿನಾ ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ಬರಬೇಕು. ಹಲಗೆ ಎಡಕ್ಕೆ ಓಡುತ್ತಾನೆ, ಚಿಕ್ಕಹಲಗೆ ಬಲಕ್ಕೆ. ಪ್ರತಿ ಸುತ್ತಿಗೂ ಎರಡು ಸಲ ಎದುರುಬದುರಾಗುತ್ತಾರೆ. ಎದುರಾದಾಗಲೆಲ್ಲ ಹಲಗೆ, “ಹೊಟ್ಟೆ ಹಿಂದೆ ಉಳೀತು, ಸಾರ್,” ಎನ್ನುತ್ತಾನೆ. ದಿನಕ್ಕೆ ನಲವತ್ತು ಸಲ.

ಹನ್ನೆರಡು ಹೊರಗೆ ಬಂತು. ಹಾಲಿನ ಗೋಡೆಯಿಂದ ಕಬ್ಬಿಣದ ಕಾಲನ್ನು ಇಳಿಸಿದರು. ಅಲ್ಲೀಗ ಅಕ್ಕಪಕ್ಕ ಎರಡು ಒದ್ದೆ ಹೆಜ್ಜೆಗಳ ಫೋಟೋ ಇದೆ. ಅದಕ್ಕೆ ಹಾಕಲು ಹಳೆಯ ಚೌಕಟ್ಟನ್ನು ವಾಪಸ್ಸು ತನ್ನಿ ಎಂದು ಗೇಟಿನವನು ಹೇಳಿ ಕಳಿಸಿದಾಗ, ಹಲಗೆ ಅದನ್ನು ಕೊಟ್ಟು, ಬದಲಿಗೆ ಕಬ್ಬಿಣದ ಕಾಲಿನ ಫೋಟೋವನ್ನು ಕೇಳಿ ಪಡೆದು, ಬಸ್ಸಿನಲ್ಲಿ ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದ. ಷಡ್ಡಕ ಬಂದಾಗಲೆಲ್ಲ ಅದನ್ನು ಎತ್ತಿಯೇ ಮುಖ ತೊಳೆಯಬೇಕು ಎಂಬುದು ಅವನ ಆಸೆ. ತಾನೇ ಹೋಗಿ ಡ್ರಮ್ಮಿನ ಮೇಲಿಟ್ಟ.

ಹೆಂಡತಿ ಬಂದು ಎತ್ತಿ ನೋಡಿದಳು, ಇಟ್ಟು ನೋಡಿದಳು, ಬೆರಳಿನಿಂದ ಒಂದು ಮೂಲೆ ತಳ್ಳಿದಳು. ಅಲ್ಯೂಮಿನಿಯಮ್ಮಿನ ತೆಳು ಚೌಕಟ್ಟು ಸರ್ರನೆ ಜಾರಿತು.

“ಹೊಸದು ಹಗುರ ಇದೆ, ಎತ್ತೋಕೆ ಸುಲಭ,” ಎಂದಳು. “ಆದ್ರೆ ನೋಡಿ, ನಿಮ್ಮ ಕಾಲಿನ ಹಾಗೆ ಕಚ್ಚಿ ಕೂರಲ್ಲ. ಹಳೇದನ್ನ ಯಾಕ್ರೀ ವಾಪಸ್ ಕೊಟ್ರಿ?”